ವೈಮಾನಿಕನ ದೇಹಾರ್ಹತೆ



1875ನೆಯ ಇಸವಿಯ ಏಪ್ರಿಲ್ 15ರಂದು ಪ್ಯಾರಿಸ್ ನಗರದಿಂದ ‘ಜೆನಿತ್’ ಎಂಬ ಹೆಸರಿನ ಬೆಲೂನು ಮೂವರು ಸಾಹಸಿಗಳನ್ನು ಹೊತ್ತು ಆಕಾಶಕ್ಕೇರಿತು. ಗ್ಯಾಸ್ಟನ್ ಟಿಸ್ಯಾಂಡಿಯೇ, ಕ್ರೋಸೆ-ಸ್ಪಿನೆಲಿ, ಸಿವೆಲ್ ಎಂಬ ಆ ಮೂವರೂ ಅಜ್ಞರಲ್ಲ. ಎತ್ತರದಲ್ಲಿ ಗಾಳಿ ವಿರಳವಾಗುವುದೆಂಬುದನ್ನೂ, ಆ ವಿರಳತೆಯಲ್ಲಿ ಪ್ರಾಣವಾಯುವಿನ ಕೊರತೆಯೇ ಮನುಷ್ಯನನ್ನು ಕೊಲ್ಲುವುದೆಂಬುದನ್ನೂ ಪಾಲ್ ಬೇರ್ ಎಂಬ ಶರೀರಶಾಸ್ತ್ರಜ್ಞನಿಂದ ತಿಳಿದಿದ್ದವರು. ಪ್ರಾಣವಾಯು ತುಂಬಿದ ಚೀಲಗಳನ್ನು ಜೊತೆಯಲ್ಲಿಯೇ ಕೊಂಡೊಯ್ದಿದ್ದವರು. ಒಯ್ದಿರುವ ವಾಯು ಸಾಲದೆಂದು ಬೇರ್ ಬರೆದ ಎಚ್ಚರಿಕೆಯ ಪತ್ರ ಸಕಾಲಕ್ಕೆ ಅವರ ಕೈಸೇರಲಿಲ್ಲ. ಎಂಟು ಸಾವಿರ ಮೀಟರಿನ ಎತ್ತರವನ್ನು ಬೆಲೂನು ಮುಟ್ಟುವ ಹೊತ್ತಿಗೆ, ತಲೆಯ ಬಳಿಯಲ್ಲಿಯೇ ತೂಗುತ್ತಿದ್ದ ಕೊಳವೆಯನ್ನು ಬಾಯಿಗಿಡಲು ಕೈಯೆತ್ತುವ ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ. ಬೆಲೂನು ಕೆಳಗಿಳಿದಾಗ ಇಬ್ಬರು ಹೆಣವಾಗಿದ್ದರು. ಬದುಕಿ ಉಳಿದವನು ಟಿಸ್ಯಾಂಡಿಯೇ ಒಬ್ಬನೆ. ಅವನು ಬಳಿಕ ಬರೆದಿಟ್ಟ ವೃತ್ತಾಂತದಲ್ಲಿ ನನ್ನನ್ನು ಬಹುವಾಗಿ ಕಾಡಿದ ಸಂಗತಿ ಇದು: ಆ ಕ್ಷಣಗಳಲ್ಲಿ ಅವನಿಗೆ ನೋವಾಗಲಿ ಭಯವಾಗಲಿ ಇರಲಿಲ್ಲವಂತೆ, ಅದಕ್ಕೆ ಬದಲಾಗಿ ಒಂದು ಬಗೆಯ ಆನಂದವೇ ಅವನನ್ನು ಆವರಿಸಿತ್ತಂತೆ.

ವೈಮಾನಿಕ ವೈದ್ಯಶಾಸ್ತ್ರದ ಮೂಲಸಮಸ್ಯೆಯೆಲ್ಲ ಈ ಆನಂದದಲ್ಲಿಯೇ ಅಡಗಿದೆಯೆಂದು ನಾನು ಭಾವಿಸುತ್ತೇನೆ. ನೆಲದ ಮೇಲಿನ ರೋಗ ಬಹುಮಟ್ಟಿಗೆ ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಕಾಲು ಮುರಿದವನು ನಡೆಯಲಾರ, ಜ್ವರ ಬಂದವನು ಮಲಗುತ್ತಾನೆ. ಆಕಾಶದಲ್ಲಿಯಾದರೋ ಪ್ರಾಣವಾಯುವಿನ ಅಭಾವ ಮೊದಲು ಅಪಹರಿಸುವುದು, ತನಗೆ ಏನೋ ಆಗುತ್ತಿದೆಯೆಂದು ಅರಿಯುವ ವಿವೇಕವನ್ನೇ. ಮೂವತ್ತೈದು ಸಾವಿರ ಅಡಿಗಳ ಎತ್ತರದಲ್ಲಿ ವಿಮಾನದೊಳಗಿನ ಒತ್ತಡ ಇಳಿದುಹೋದರೆ, ಆರೋಗ್ಯವಂತನಾದ ಚಾಲಕನಿಗೆ ಸ್ವಾಧೀನವಾದ ಬುದ್ಧಿಯಿಂದ ಕೆಲಸಮಾಡಲು ದೊರೆಯುವ ಕಾಲ ಅರ್ಧ ನಿಮಿಷದಿಂದ ಒಂದು ನಿಮಿಷ ಮಾತ್ರ. ಅಷ್ಟರೊಳಗೆ ಮಾಸ್ಕು ಮುಖವನ್ನು ಸೇರಿರಬೇಕು. ಆರೋಗ್ಯವಂತನ ಪಾಡೇ ಹೀಗಿರುವಾಗ, ರಕ್ತಹೀನತೆಯುಳ್ಳವನ, ಹೃದ್ರೋಗಿಯ, ಶ್ವಾಸಕೋಶ ಕೆಟ್ಟವನ ಪಾಡನ್ನು ಊಹಿಸಿಕೊಳ್ಳಬಹುದು.

ಎಲ್ಲವೂ ಸುಸ್ಥಿತಿಯಲ್ಲಿದ್ದಾಗಲೂ ಪ್ರಯಾಣಿಕ ವಿಮಾನದ ಒಳಗಣ ಗಾಳಿ ನೆಲದ ಗಾಳಿಯಲ್ಲ. ಅದರ ಒತ್ತಡವನ್ನು ಸುಮಾರು ಎಂಟು ಸಾವಿರ ಅಡಿಯ ಬೆಟ್ಟದ ಮೇಲಿನ ಒತ್ತಡಕ್ಕಿಂತ ಕಡಿಮೆಯಾಗದಂತೆ ಕಾಯ್ದಿಡುತ್ತಾರೆ. ಎಂದರೆ ಸಮುದ್ರಮಟ್ಟದ ಒತ್ತಡದ ಮುಕ್ಕಾಲು ಪಾಲು. ಒತ್ತಡ ತಗ್ಗಿದರೆ ವಾಯು ಹಿಗ್ಗುತ್ತದೆಯೆಂದು ಶಾಲೆಯಲ್ಲಿ ಓದಿದ ಬಾಯ್ಲನ ನಿಯಮ ಇಲ್ಲಿ ಚಾಲಕನ ಕಿವಿಯಲ್ಲಿ, ಮೂಗಿನ ಪಕ್ಕದ ಎಲುಬಿನ ಕುಹರಗಳಲ್ಲಿ, ಕರುಳಿನಲ್ಲಿ ಪ್ರಯೋಗಕ್ಕೆ ಬರುತ್ತದೆ. ನೆಗಡಿಯಾದ ಗುಮಾಸ್ತ ಕಚೇರಿಗೆ ಹೋಗಬಹುದು. ನೆಗಡಿಯಾದ ವೈಮಾನಿಕ ಹಾರಬಾರದು, ಏಕೆಂದರೆ ವಿಮಾನ ಇಳಿಯುವ ವೇಳೆ ಮುಚ್ಚಿದ ಕಿವಿಯ ನಾಳದಿಂದ ಹುಟ್ಟುವ ಬೇನೆ, ಅತ್ಯಂತ ಏಕಾಗ್ರತೆ ಬೇಕಾದ ಗಳಿಗೆಯಲ್ಲಿಯೇ ಅವನ ಮನಸ್ಸನ್ನು ಕದಡಬಲ್ಲುದು. ಮೂತ್ರಪಿಂಡದಲ್ಲಿ ಸದ್ದಿಲ್ಲದೆ ಕುಳಿತ ಕಲ್ಲೊಂದು ಸಾಮಾನ್ಯನಿಗೆ ಚಿಂತೆಯ ವಿಷಯವೇ ಅಲ್ಲದಿರಬಹುದು. ಅದು ಹೊರಬೀಳಲು ಆರಂಭಿಸುವ ಮುಹೂರ್ತವನ್ನು ಯಾರೂ ಗೊತ್ತುಮಾಡಲಾರರಾದುದರಿಂದ ವೈಮಾನಿಕನ ಪರೀಕ್ಷಕನಿಗೆ ಅದು ದೊಡ್ಡ ಪ್ರಶ್ನೆ.

ವೈಮಾನಿಕರ ದೇಹಪರೀಕ್ಷೆಗಳು ವ್ಯವಸ್ಥಿತವಾದುದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಆಗ ಅಮೆರಿಕದ ಸೇನಾವೈದ್ಯರು ಅಭ್ಯರ್ಥಿಗಳನ್ನು ತಿರುಗುಕುರ್ಚಿಯ ಮೇಲೆ ಕುಳ್ಳಿರಿಸಿ ಗಿರಗಿರನೆ ಸುತ್ತಿಸಿ, ಒಳಗಿವಿಯ ಸಮತೋಲನಶಕ್ತಿಯನ್ನು ಅಳೆಯುತ್ತಿದ್ದರು. ಆ ಕುರ್ಚಿಗೆ ಬಾರಾನಿ ಎಂಬ ವಿಯೆನ್ನದ ವೈದ್ಯನ ಹೆಸರು. 1914ರ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದ ಆತನಿಗೆ ಆ ಸುದ್ದಿ ಮುಟ್ಟಿದುದು ರಷ್ಯದ ಯುದ್ಧಕೈದಿಗಳ ಶಿಬಿರದಲ್ಲಿ. ಒಳಗಿವಿ ಚುರುಕಾಗಿದ್ದವನೇ ಉತ್ತಮ ವೈಮಾನಿಕನೆಂಬುದು ಅಂದಿನ ನಂಬಿಕೆ. ಆದರೆ 1926ರಲ್ಲಿ ವಿಲಿಯಂ ಆಕರ್ ಎಂಬ ಸೇನಾ ವೈಮಾನಿಕ ಅದೇ ಕುರ್ಚಿಯಲ್ಲಿ ಕಣ್ಣುಕಟ್ಟಿಸಿಕೊಂಡು ಕುಳಿತು, ತಾನು ಯಾವ ದಿಕ್ಕಿಗೆ ತಿರುಗುತ್ತಿರುವೆನೆಂದು ಹೇಳಲು ಹೋಗಿ ತಪ್ಪಿದ. ಮೋಡದೊಳಗೆ ಹೊಕ್ಕ ವೈಮಾನಿಕ ತನ್ನ ಒಳಗಿವಿಯನ್ನು ನಂಬಿದರೆ ಕೆಡುವನೆಂದೂ, ಉಪಕರಣವನ್ನು ಮಾತ್ರ ನಂಬಬೇಕೆಂದೂ ಮನಗಂಡು, ಉಳಿದ ವೃತ್ತಿಜೀವನವನ್ನು ಆ ಬೋಧನೆಗೇ ಮುಡಿಪಿಟ್ಟ. ಯಾವ ಇಂದ್ರಿಯದ ಪಟುತ್ವವನ್ನು ನೋಡಿ ಚಾಲಕನನ್ನು ಆರಿಸುತ್ತಿದ್ದರೋ, ಆ ಇಂದ್ರಿಯದ ಮಾತನ್ನು ಕೇಳದಿರುವುದನ್ನೇ ಅವನಿಗೆ ಕಲಿಸಬೇಕಾಗಿ ಬಂತು. ವೈದ್ಯಕೀಯ ನಿಯಮಗಳನ್ನು ಶಾಶ್ವತವೆಂದು ಎಣಿಸುವವರು ಈ ಪ್ರಸಂಗವನ್ನು ನೆನೆಯುವುದು ಒಳ್ಳೆಯದು.

1944ರ ಡಿಸೆಂಬರಿನಲ್ಲಿ ಷಿಕಾಗೋ ನಗರದಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಡಂಬಡಿಕೆಯಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಹುಟ್ಟಿತು. ಆ ಒಡಂಬಡಿಕೆಯ ಮೊದಲನೆಯ ಅನುಬಂಧವೇ ವೈಮಾನಿಕರ ಲೈಸೆನ್ಸು ಮತ್ತು ದೇಹಾರ್ಹತೆಯನ್ನು ಕುರಿತದ್ದು. ಇಂದು ಭಾರತವೂ ಸೇರಿದಂತೆ ಲೋಕದ ದೇಶಗಳೆಲ್ಲ ತಮ್ಮ ನಿಯಮಗಳನ್ನು ಅದರ ಅಚ್ಚಿನಲ್ಲಿಯೇ ಎರೆದಿವೆ. ಅದರಲ್ಲಿ ಮೂರು ವರ್ಗಗಳುಂಟು. ಸಂಬಳಕ್ಕೆ ಹಾರುವ ವೃತ್ತಿಪರ ಚಾಲಕನಿಗೆ ಮೊದಲನೆಯ ವರ್ಗ. ಸ್ವಂತ ಸಂತೋಷಕ್ಕೆ ಹಾರುವ ಖಾಸಗಿ ಚಾಲಕನಿಗೆ ಎರಡನೆಯದು. ನೆಲದ ಮೇಲಿದ್ದುಕೊಂಡೇ ವಿಮಾನಸಂಚಾರವನ್ನು ನಿಯಂತ್ರಿಸುವವನಿಗೆ ಮೂರನೆಯದು. ದೂರದೃಷ್ಟಿ ವೃತ್ತಿಪರನಿಗೆ ಒಂದೊಂದು ಕಣ್ಣಿನಲ್ಲಿಯೂ 6/9, ಎರಡೂ ಸೇರಿ 6/6 ಇರತಕ್ಕದ್ದು. ಖಾಸಗಿಯವನಿಗೆ 6/12 ಮತ್ತು 6/9 ಸಾಕು. ಕನ್ನಡಕ ಧರಿಸಿದವನು ವೈಮಾನಿಕನಾಗಲಾರನೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಉಂಟು, ಅದು ಸುಳ್ಳು. ಕನ್ನಡಕದಿಂದ ಆ ದೃಷ್ಟಿ ಬಂದರೆ ಸಾಕು, ಹಾರುವಾಗ ಎರಡನೆಯದೊಂದು ಜೊತೆ ಕೈಗೆಟಕುವಂತಿರಬೇಕು, ಅಷ್ಟೆ. ವೃತ್ತಿಪರನ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಹನ್ನೆರಡು ತಿಂಗಳ ಆಯುಸ್ಸು. ಅರವತ್ತು ದಾಟಿದವನಿಗೆ ಆರು ತಿಂಗಳು. ಪ್ರಯಾಣಿಕರನ್ನು ಕರೆದೊಯ್ಯುವ ವಾಣಿಜ್ಯ ವಿಮಾನವನ್ನು ಜೊತೆಗಾರನಿಲ್ಲದೆ ಒಬ್ಬನೇ ನಡೆಸುವವನಿಗಾದರೆ ನಲವತ್ತು ದಾಟಿದೊಡನೆಯೇ ಆರು ತಿಂಗಳು. ಹೃದಯದ ವಿದ್ಯುಲ್ಲೇಖನ, ಶ್ರವಣಮಾಪನ, ರಕ್ತ ಮೂತ್ರಗಳ ಪರೀಕ್ಷೆ ಮೊದಲಾದುವನ್ನು ಇಲ್ಲಿ ಎಣಿಸಿ ತಮ್ಮ ಕಾಲವನ್ನು ವ್ಯಯಮಾಡುವುದಿಲ್ಲ.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ರೋಗ ಕಣ್ಣು ತಪ್ಪಿಸಬಲ್ಲುದೆಂಬುದಕ್ಕೆ ದಾರುಣವಾದ ನಿದರ್ಶನ 1972ರ ಜೂನ್ 18ರದು. ಅಂದು ಲಂಡನ್ನಿನ ಹೀತ್ರೂ ನಿಲ್ದಾಣದಿಂದ ಬ್ರಸೆಲ್ಸಿಗೆ ಹೊರಟ ಟ್ರೈಡೆಂಟ್ ವಿಮಾನ ಏರಿದ ಮೂರು ನಿಮಿಷಗಳೊಳಗೆ ಸ್ಟೇನ್ಸ್ ಎಂಬ ಊರಿನ ಬಳಿ ಬಿದ್ದು, ಒಳಗಿದ್ದ 118 ಮಂದಿಯೂ ಮಡಿದರು. ರೆಕ್ಕೆಯ ಮುಂಚೂಣಿಯ ಅಂಗಗಳನ್ನು ವೇಗ ಸಾಲದಿರುವಾಗಲೇ ಒಳಕ್ಕೆಳೆದುದು ತಕ್ಷಣದ ಕಾರಣ. ಆದರೆ ಮುಖ್ಯಚಾಲಕನ ಶವಪರೀಕ್ಷೆಯಲ್ಲಿ, ಹೃದಯದ ರಕ್ತನಾಳಗಳು ಬಹುಕಾಲದಿಂದ ಕಟ್ಟಿಕೊಂಡು ಬಂದಿದ್ದುದೂ, ದುರಂತಕ್ಕೆ ತುಸು ಮುಂಚೆಯಷ್ಟೆ ಒಂದು ನಾಳದ ಗೋಡೆಯೊಳಗೆ ರಕ್ತ ಒಸರಿದ್ದುದೂ ಕಂಡುಬಂದವು. ಆತನ ವಿದ್ಯುಲ್ಲೇಖನಗಳು ಅದುವರೆಗೆ ನಿರ್ದೋಷವಾಗಿಯೇ ಇದ್ದವು. ಆತ ಏನನ್ನೂ ಬಚ್ಚಿಟ್ಟವನಲ್ಲ; ವೈದ್ಯರು ಏನನ್ನೂ ಉಪೇಕ್ಷಿಸಿದವರಲ್ಲ. ಶರೀರವೇ ಹೇಳದ ಮಾತನ್ನು ಯಾವ ಪರೀಕ್ಷೆಯೂ ಹೇಳಿಸಲಾರದು.

ಹಾಗಾದರೆ ಸಂಪೂರ್ಣ ನಿರಪಾಯವನ್ನು ಕೋರುವುದೇ ವ್ಯರ್ಥವಷ್ಟೆ. ಎಷ್ಟು ಅಪಾಯವನ್ನು ಸಮಾಜ ಸಹಿಸಬಹುದೆಂಬ ಲೆಕ್ಕ ಅನಿವಾರ್ಯವಾಗುತ್ತದೆ. ಈ ಲೆಕ್ಕವನ್ನು ಮುಖ್ಯವಾಗಿ ಬ್ರಿಟನ್ನಿನ ಹೃದ್ರೋಗತಜ್ಞರು ಮಾಡಿಕೊಟ್ಟರು. ಅದು ‘ಶೇಕಡಾ ಒಂದರ ನಿಯಮ’ವೆಂದು ಪ್ರಸಿದ್ಧವಾಗಿದೆ. ಒಬ್ಬ ಚಾಲಕ ಒಂದು ವರ್ಷದೊಳಗೆ ಇದ್ದಕ್ಕಿದ್ದಂತೆ ಅಶಕ್ತನಾಗಿ ಬೀಳುವ ಸಂಭವ ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ವರ್ಷದಲ್ಲಿ ಹೆಚ್ಚುಕಡಮೆ ಹತ್ತು ಸಾವಿರ ಗಂಟೆಗಳಿರುವುದರಿಂದ, ಯಾವುದೇ ಒಂದು ಗಂಟೆಯಲ್ಲಿ ಅದು ಸಂಭವಿಸುವುದು ಹತ್ತು ಲಕ್ಷಕ್ಕೆ ಒಂದು ಸಲ. ಹಾರಾಟದ ಕಾಲದಲ್ಲಿ ನಿಜವಾಗಿ ಸಂಕಟದ ಭಾಗ, ಎಂದರೆ ಏರುವ ಇಳಿಯುವ ನಿಮಿಷಗಳು, ಹತ್ತರಲ್ಲೊಂದು ಪಾಲು. ಆ ಗಳಿಗೆಯಲ್ಲಿಯೂ ಪಕ್ಕದ ಚಾಲಕ ವಿಮಾನವನ್ನು ಕೈಗೆತ್ತಿಕೊಳ್ಳಲಾರದೆ ಹೋಗುವುದು ನೂರರಲ್ಲಿ ಒಮ್ಮೆಯೆಂದು ಭಾವಿಸಿದರೆ, ದುರಂತದ ಸಂಭವ ನೂರು ಕೋಟಿ ಗಂಟೆಗಳಿಗೆ ಒಂದಾಗುತ್ತದೆ. ಯಂತ್ರದ ಪ್ರಾಣಭೂತ ಭಾಗಗಳಿಂದ ನಾವು ನಿರೀಕ್ಷಿಸುವ ಭದ್ರತೆಯೂ ಅದೇ ಪ್ರಮಾಣದ್ದು. ಈ ಗಣಿತವನ್ನು ಕೆಲವರು ನಿಷ್ಕರುಣವೆನ್ನುವುದುಂಟು. ನನಗಾದರೋ ಅದರಲ್ಲಿ ಕರುಣೆಯೇ ಕಾಣುತ್ತದೆ. ಹೃದಯಾಘಾತವಾಗಿ ಚೇತರಿಸಿಕೊಂಡ ಒಬ್ಬ ನುರಿತ ವೈಮಾನಿಕನನ್ನು, ರೋಗದ ಹೆಸರು ಕೇಳಿದೊಡನೆಯೇ ಹೊರದೂಡದೆ, ಅವನ ಮುಂದಿನ ಅಪಾಯವನ್ನು ಅಳೆದು ನೋಡಿ, ಜೊತೆಗಾರನಿರುವ ವಿಮಾನದಲ್ಲಿ ಮಾತ್ರ ಹಾರಬಹುದೆಂಬ ಕಟ್ಟಳೆಯೊಡನೆ ಮರಳಿ ಕೂಡಿಸಿಕೊಳ್ಳಲು ದಾರಿಯಾದುದು ಇಂಥ ಲೆಕ್ಕದಿಂದಲೇ.

ಖಾಸಗಿ ಚಾಲಕನ ಪಕ್ಕದಲ್ಲಿ ಸಾಮಾನ್ಯವಾಗಿ ಎರಡನೆಯ ಚಾಲಕನಿರುವುದಿಲ್ಲ. ಆದರೂ ಅವನಿಗೆ ನಿಯಮ ಸಡಿಲ. ಇದು ವಿರೋಧಾಭಾಸವಲ್ಲವೆ ಎಂದು ಕೇಳಬಹುದು. ಟಿಕೆಟ್ಟು ಕೊಂಡು ಅಪರಿಚಿತನ ಕೈಗೆ ಪ್ರಾಣವನ್ನೊಪ್ಪಿಸುವ ನೂರಾರು ಜನರಿಗೂ, ಗೆಳೆಯನ ಪುಟ್ಟ ವಿಮಾನದಲ್ಲಿ ತಿಳಿದೂ ತಿಳಿದು ಕುಳಿತುಕೊಳ್ಳುವ ಒಬ್ಬಿಬ್ಬರಿಗೂ ರಾಜ್ಯ ಕೊಡಬೇಕಾದ ಅಭಯ ಒಂದೇ ಬಗೆಯದಲ್ಲವೆಂಬುದೇ ಅದಕ್ಕೆ ಉತ್ತರ. ಬ್ರಿಟನ್ 2016ರಲ್ಲಿ ಖಾಸಗಿ ಚಾಲಕರಿಗೆ ಸ್ವಯಂಘೋಷಣೆಯ ಪದ್ಧತಿಯನ್ನು ವಿಸ್ತರಿಸಿತು. ಅಮೆರಿಕ 2017ರ ಮೇ ತಿಂಗಳಿನಿಂದ, ಒಮ್ಮೆ ಪೂರ್ಣ ಪರೀಕ್ಷೆಯಲ್ಲಿ ತೇರ್ಗಡೆಯಾದ ಖಾಸಗಿ ಚಾಲಕನಿಗೆ, ನಾಲ್ಕು ವರ್ಷಗಳಿಗೊಮ್ಮೆ ತನ್ನ ಮನೆವೈದ್ಯನಿಂದಲೇ ಪರೀಕ್ಷೆ ಮಾಡಿಸಿಕೊಳ್ಳುವ ಅವಕಾಶವನ್ನಿತ್ತಿತು. ಮನೆವೈದ್ಯನಿಗೆ ಅವನ ಇಪ್ಪತ್ತು ವರ್ಷಗಳ ಶರೀರವೃತ್ತಾಂತ ಗೊತ್ತಿರುತ್ತದೆ. ಯಾವಾಗಲೋ ಒಮ್ಮೆ ಅರ್ಧ ಗಂಟೆ ನೋಡುವ ಪರೀಕ್ಷಕನಿಗೆ ಅದು ದುರ್ಲಭ. ಈ ಮಾರ್ಗ ಸರಿಯೆಂದೇ ನನ್ನ ಮತ.

ಅಂಗವೈಕಲ್ಯ ಬೇರೆ, ಅಸಾಮರ್ಥ್ಯ ಬೇರೆ. ವೈಲಿ ಪೋಸ್ಟ್ ಎಂಬ ಅಮೆರಿಕದ ಯುವಕ ಎಣ್ಣೆಬಾವಿಯ ಕೆಲಸದಲ್ಲಿದ್ದಾಗ 1926ರಲ್ಲಿ ಎಡಗಣ್ಣನ್ನು ಕಳೆದುಕೊಂಡ. ಪರಿಹಾರವಾಗಿ ಬಂದ ಹಣದಲ್ಲಿ ವಿಮಾನವನ್ನು ಕೊಂಡ. ದೂರವನ್ನು ಒಂದೇ ಕಣ್ಣಿನಿಂದ ಅಂದಾಜುಮಾಡುವುದನ್ನು ತಾನೇ ಅಭ್ಯಾಸಮಾಡಿಕೊಂಡು, ಸಾಮರ್ಥ್ಯವನ್ನು ಹಾರಿ ತೋರಿಸಿ ವಿನಾಯಿತಿಯಿಂದ ಲೈಸೆನ್ಸು ಪಡೆದು, 1933ರ ಜುಲೈನಲ್ಲಿ ಏಳು ದಿನ, ಹದಿನೆಂಟು ಗಂಟೆ, ನಲವತ್ತೊಂಬತ್ತು ನಿಮಿಷಗಳಲ್ಲಿ ಏಕಾಕಿಯಾಗಿ ಭೂಮಂಡಲವನ್ನೇ ಸುತ್ತಿಬಂದ. ಇಂಥವರ ನೆನಪು ಹಿಂದೆ ನಿಂತು ಪ್ರೇರಿಸುವುದರಿಂದಲೋ ಏನೋ, ಅಂತರರಾಷ್ಟ್ರೀಯ ನಿಯಮದಲ್ಲಿಯೇ ಒಂದು ಕಿಂಡಿಯನ್ನು ತೆರೆದಿಟ್ಟಿದ್ದಾರೆ: ಅಳತೆಗೆ ಕೂಡದ ದೇಹವುಳ್ಳವನಾದರೂ, ಅವನ ಅನುಭವ ಮತ್ತು ಕೌಶಲಗಳನ್ನು ತಜ್ಞರು ತೂಗಿನೋಡಿ, ಹಾರಾಟಕ್ಕೆ ಭಂಗವಿಲ್ಲವೆಂದು ಕಂಡರೆ ಅರ್ಹತೆಯನ್ನು ಕೊಡಬಹುದು.

ಆದರೆ ಕಿಂಡಿ ಎಲ್ಲಿಯವರೆಗೆ ತೆರೆದಿರಬೇಕೆಂಬುದು ಸುಲಭದ ಪ್ರಶ್ನೆಯಲ್ಲ. ವರ್ಣಾಂಧತೆಯ ವಿಷಯದಲ್ಲಿ ಅದು ತೀರ ಜಟಿಲ. ವರ್ಣದೃಷ್ಟಿಯ ಪರೀಕ್ಷೆ ವಿಮಾನಕ್ಕೆ ಬಂದುದು ರೈಲಿನಿಂದ: 1875ರ ನವೆಂಬರಿನಲ್ಲಿ ಸ್ವೀಡನ್ನಿನ ಲಾಗೆರ್ಲುಂಡಾದಲ್ಲಿ ರೈಲುಗಳು ಢಿಕ್ಕಿಯಾದಾಗ, ಅದಕ್ಕೆ ಬಣ್ಣಗುರುಡೇ ಕಾರಣವಿರಬೇಕೆಂದು ಹೋಲ್ಮ್‌ಗ್ರೆನ್ ಎಂಬ ಪ್ರಾಧ್ಯಾಪಕ ವಾದಿಸಿ, ಬಣ್ಣದ ಉಣ್ಣೆಯೆಳೆಗಳನ್ನು ಹೊಂದಿಸುವ ಪರೀಕ್ಷೆಯನ್ನು ಪ್ರಚಾರಕ್ಕೆ ತಂದ. ಜಪಾನಿನ ಇಷಿಹಾರ 1917ರಲ್ಲಿ ಪ್ರಕಟಿಸಿದ ಬಣ್ಣದ ಚುಕ್ಕೆಗಳ ಫಲಕಗಳನ್ನು ಇಂದಿಗೂ ಪರೀಕ್ಷಕರ ಮೇಜಿನ ಮೇಲೆ ಕಾಣಬಹುದು. ಫಲಕದ ಅಂಕೆಯನ್ನು ಓದಲಾರದವನು ವಿಮಾನನಿಲ್ದಾಣದ ದೀಪವನ್ನೂ ಗುರುತಿಸಲಾರನೆ ಎಂಬ ವಿವಾದ ದಶಕಗಳಿಂದ ನಡೆದಿದೆ. ಗುರುತಿಸಬಲ್ಲನೆನ್ನುವವರ ಪಕ್ಷಕ್ಕೆ ನನ್ನ ಮನಸ್ಸು ವಾಲುತ್ತಿದ್ದರೂ, 2002ರ ಜುಲೈ 26ರಂದು ಅಮೆರಿಕದ ಟ್ಯಾಲಹಾಸಿಯಲ್ಲಿ ನಡೆದುದು ನನ್ನನ್ನು ತಡೆಯುತ್ತದೆ. ಅಲ್ಲಿ ಇರುಳಿನ ಕೊನೆಯ ಜಾವದಲ್ಲಿ ಇಳಿಯುತ್ತಿದ್ದ ಸರಕುವಿಮಾನವೊಂದು ಮರಗಳ ಮೇಲೆ ಬಿತ್ತು. ಓಡುದಾರಿಯ ಪಕ್ಕದ ನಾಲ್ಕು ದೀಪಗಳು ಬಿಳಿಯಾಗಿ ಕಂಡರೆ ಎತ್ತರ ಹೆಚ್ಚು, ಕೆಂಪಾಗಿ ಕಂಡರೆ ಅಪಾಯಕರವಾಗಿ ಕಡಮೆ; ಅಂದು ವಿಮಾನವನ್ನು ನಡೆಸುತ್ತಿದ್ದ ಸಹಚಾಲಕನಿಗೆ ವರ್ಣದೃಷ್ಟಿಯ ದೋಷವಿದ್ದಿತು, ಅವನು ವಿನಾಯಿತಿಯ ಮೇಲೆ ಹಾರುತ್ತಿದ್ದವನು. ಚಾಲಕರ ಆಯಾಸದ ಜೊತೆಗೆ ಆ ದೋಷವನ್ನೂ ತನಿಖಾಮಂಡಳಿ ಕಾರಣಗಳಲ್ಲಿ ಸೇರಿಸಿತು. ಮೂವರೂ ಬದುಕಿದುದು ಪುಣ್ಯ.

ಇಂಥ ಪರೀಕ್ಷೆಗಳಲ್ಲಿ ನಮ್ಮ ದೇಶಕ್ಕೆ ಗುರುಪೀಠದಂತಿರುವ ಸಂಸ್ಥೆ ಬೆಂಗಳೂರಿನಲ್ಲಿಯೇ ಇದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1957ರಲ್ಲಿ ವಾಯುಸೇನೆ ಸ್ಥಾಪಿಸಿದ ವೈಮಾನಿಕ ವೈದ್ಯಶಾಲೆಯೇ ಇಂದು ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎಂಬ ಹೆಸರಿನಿಂದ ವಿಮಾನಪುರದಲ್ಲಿ ನಡೆಯುತ್ತಿದೆ. ಗಾಳಿಯನ್ನು ತೆಗೆದು ಎತ್ತರವನ್ನು ಅನುಕರಿಸುವ ಕೋಣೆ, ದೇಹದ ತೂಕವನ್ನು ಹಲವು ಮಡಿ ಹೆಚ್ಚಿಸುವ ತಿರುಗಣೆ ಇವೆಲ್ಲ ಅಲ್ಲಿ ಉಂಟು. ಗಗನಯಾನಕ್ಕೆ ಆಯ್ಕೆಯಾದ ವಾಯುಸೇನೆಯ ವೈಮಾನಿಕರ ದೇಹಪರೀಕ್ಷೆ 2019ರಲ್ಲಿ ನಡೆದುದೂ ಅಲ್ಲಿಯೇ. ನಾಗರಿಕ ಚಾಲಕರಾಗಬಯಸುವವರೂ ಮೊದಲನೆಯ ವರ್ಗದ ಪರೀಕ್ಷೆಗಾಗಿ ಆ ಬಾಗಿಲನ್ನು ತಟ್ಟುತ್ತ ಬಂದಿದ್ದಾರೆ. ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಹುಡುಗರ ಬಾಯಲ್ಲಿ ಇದಕ್ಕೆಲ್ಲ ‘ಮೆಡಿಕಲ್’ ಎಂಬ ಒಂದೇ ಮಾತು. ‘ಮೆಡಿಕಲ್ ಆಯಿತೆ’ ಎಂದು ಒಬ್ಬ ಕೇಳುವುದರಲ್ಲಿಯೂ, ‘ಟೆಂಪರರಿ ಅನ್‌ಫಿಟ್ ಮಾಡಿದರು’ ಎಂದು ಇನ್ನೊಬ್ಬ ತಲೆತಗ್ಗಿಸುವುದರಲ್ಲಿಯೂ ಅವರ ಬದುಕಿನ ಆಶೆ ನಿರಾಶೆಗಳೆಲ್ಲ ತುಂಬಿರುತ್ತವೆ.

ನಾನು ಈ ಉಪನ್ಯಾಸಕ್ಕೆ ಒಪ್ಪಿಕೊಂಡುದು ಮುಖ್ಯವಾಗಿ ಇನ್ನು ಮುಂದಣ ಮಾತನ್ನು ಹೇಳುವುದಕ್ಕಾಗಿ. ಪರೀಕ್ಷೆಯ ಯಂತ್ರಗಳು ಎಷ್ಟೇ ಸೂಕ್ಷ್ಮವಾಗಿರಲಿ, ಅವುಗಳಿಗಿಂತ ಮುಂಚೆ ಅಭ್ಯರ್ಥಿಯ ಕೈಗೆ ಬರುವುದು ಒಂದು ಪ್ರಶ್ನಪತ್ರ: ಮೂರ್ಛೆ ಬಂದದ್ದುಂಟೆ, ತಲೆಗೆ ಪೆಟ್ಟು ಬಿದ್ದದ್ದುಂಟೆ, ಮನೋರೋಗಕ್ಕೆ ಚಿಕಿತ್ಸೆ ಪಡೆದದ್ದುಂಟೆ, ಯಾವ ಔಷಧ ಸೇವಿಸುತ್ತಿದ್ದೀರಿ. ಅಪಸ್ಮಾರ ಎರಡು ಸೆಳವುಗಳ ನಡುವಣ ಕಾಲದಲ್ಲಿ ವೈದ್ಯನಿಗೆ ಗೋಚರಿಸದೆ ಹೋಗಬಹುದು; ವಿಷಾದವನ್ನು ತೋರಿಸುವ ವಿದ್ಯುಲ್ಲೇಖನವಿಲ್ಲ. ಇವನ್ನು ತಿಳಿಯುವ ದಾರಿ ಬಹುಪಾಲು ಒಂದೇ, ವೈಮಾನಿಕನ ಬಾಯಿಮಾತು. ಅದೂ ಅಲ್ಲದೆ, ತನ್ನ ಆರೋಗ್ಯ ಕುಂದಿದೆಯೆಂದು ತಿಳಿದಾಗ ಪ್ರಮಾಣಪತ್ರ ಜೇಬಿನಲ್ಲಿದ್ದರೂ ಹಾರಬಾರದೆಂದು ನಿಯಮವೇ ವಿಧಿಸುತ್ತದೆ. ವರ್ಷದಲ್ಲಿ ಒಂದು ದಿನ ವೈದ್ಯನು ಅವನನ್ನು ಪರೀಕ್ಷಿಸಿದರೆ, ಮಿಕ್ಕ 364 ದಿನವೂ ಅವನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳತಕ್ಕವನು. ಆದರೆ ಆ ನಿಜವನ್ನು ನುಡಿದರೆ ಅವನಿಗೆ ದೊರೆಯುವ ಫಲವೇನು? ಸಂಬಳ ನಿಲ್ಲುತ್ತದೆ, ತರಬೇತಿಗೆ ಮಾಡಿದ ಸಾಲದ ಕಂತು ನಿಲ್ಲುವುದಿಲ್ಲ.

2015ರ ಮಾರ್ಚ್ 24ರಂದು ಬಾರ್ಸಿಲೋನದಿಂದ ಡ್ಯೂಸೆಲ್ಡಾರ್ಫಿಗೆ ಹೊರಟ ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹಚಾಲಕನೇ, ಮುಖ್ಯಚಾಲಕ ಚಾಲಕರ ಕೋಣೆಯಿಂದ ಹೊರಹೋದಾಗ ಅದರ ಬಾಗಿಲನ್ನು ಭದ್ರಪಡಿಸಿಕೊಂಡು, ಫ್ರಾನ್ಸಿನ ಆಲ್ಪ್ಸ್ ಪರ್ವತಕ್ಕೆ ಇಳಿಸಿ ಅಪ್ಪಳಿಸಿದ. 150 ಜೀವಗಳು ನಾಶವಾದವು. ಅವನು ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಹಲವು ವೈದ್ಯರನ್ನು ಕಂಡಿದ್ದ. ಕೆಲಸಕ್ಕೆ ಯೋಗ್ಯನಲ್ಲವೆಂಬ ವೈದ್ಯರ ಚೀಟಿಯೂ ಅವನಲ್ಲಿತ್ತು. ಅದನ್ನು ಸಂಸ್ಥೆಗೆ ಕೊಡಲಿಲ್ಲ, ವೈದ್ಯರೂ ಗೌಪ್ಯದ ಧರ್ಮಕ್ಕೆ ಕಟ್ಟುಬಿದ್ದು ತಿಳಿಸಲಿಲ್ಲ. ಅವನ ಕೃತ್ಯಕ್ಕೆ ಕ್ಷಮೆಯಿಲ್ಲ. ಆದರೆ ಫ್ರಾನ್ಸಿನ ತನಿಖಾಸಂಸ್ಥೆ ತನ್ನ ವರದಿಯಲ್ಲಿ ಆ ಒಬ್ಬನ ದುಷ್ಟತನವನ್ನು ಮಾತ್ರ ನಿರೂಪಿಸಿ ಸುಮ್ಮನಾಗಲಿಲ್ಲ. ಹಾರುವ ಹಕ್ಕನ್ನು ಕಳೆದುಕೊಳ್ಳುವ ಭಯ, ಆದಾಯನಷ್ಟ, ಗೌಪ್ಯವನ್ನು ಎಂದು ಮುರಿಯಬಹುದೆಂಬುದರಲ್ಲಿ ವೈದ್ಯರಿಗಿದ್ದ ಅಸ್ಪಷ್ಟತೆ ಇವೆಲ್ಲವನ್ನೂ ಪರಿಶೀಲಿಸಿ, ಇವುಗಳ ಪರಿಹಾರಕ್ಕೆ ಸಲಹೆಮಾಡಿತು. ಅದರ ಫಲವಾಗಿ ಯೂರೋಪು 2018ರಲ್ಲಿ, ಉದ್ಯೋಗಕ್ಕೆ ಸೇರಿಸಿಕೊಳ್ಳುವ ಮುನ್ನ ಮಾನಸಿಕ ಮೌಲ್ಯಮಾಪನವನ್ನೂ, ವೈಮಾನಿಕರು ತಮ್ಮ ಸಂಕಟವನ್ನು ತರಬೇತಿ ಪಡೆದ ಸಹೋದ್ಯೋಗಿಗಳಲ್ಲಿ ಗುಟ್ಟಾಗಿ ತೋಡಿಕೊಳ್ಳುವ ವ್ಯವಸ್ಥೆಯನ್ನೂ ವಿಮಾನಸಂಸ್ಥೆಗಳಿಗೆ ಕಡ್ಡಾಯಮಾಡಿತು. ಅಮೆರಿಕ ಇದಕ್ಕೂ ಮುಂಚೆ, 2010ರಲ್ಲಿಯೇ, ವಿಷಾದರೋಗದ ನಾಲ್ಕು ಔಷಧಗಳನ್ನು ಸೇವಿಸುವವರು ಮೇಲ್ವಿಚಾರಣೆಯಲ್ಲಿ ಹಾರಬಹುದೆಂದು ಒಪ್ಪಿತ್ತು. ಅದಕ್ಕೆ ಮುನ್ನ ರೋಗಿಯಾದ ಚಾಲಕನಿಗಿದ್ದುದು ಮೂರು ದಾರಿ: ವೃತ್ತಿಯನ್ನು ಬಿಡುವುದು, ಔಷಧವನ್ನು ಕದ್ದು ಸೇವಿಸುವುದು, ಔಷಧವಿಲ್ಲದೆಯೇ ಹಾರುವುದು. ಕಡೆಯ ಎರಡರಲ್ಲಿ ಯಾವುದೂ ಪ್ರಯಾಣಿಕನಿಗೆ ಕ್ಷೇಮಕರವಲ್ಲ. ಮಧುಮೇಹದಲ್ಲಿಯೂ ಹೀಗೆಯೆ: ಇನ್ಸುಲಿನ್ ಎಂದರೆ ವೃತ್ತಿಯ ಅಂತ್ಯವೆಂದಿದ್ದ ಕಾಲ ಹೋಗಿ, ಬ್ರಿಟನ್ 2012ರಲ್ಲಿಯೂ ಅಮೆರಿಕ 2019ರಲ್ಲಿಯೂ ಕಟ್ಟುನಿಟ್ಟಾದ ರಕ್ತಸಕ್ಕರೆಯ ತಪಾಸಣೆಯೊಡನೆ ವೃತ್ತಿಪರ ಚಾಲಕರಿಗೆ ಬಾಗಿಲು ತೆರೆದವು.

ಆದುದರಿಂದ ನನ್ನ ವಾದವಿಷ್ಟು. ನಿಯಮವನ್ನು ಬಿಗಿಮಾಡಿದಷ್ಟೂ ಭದ್ರತೆ ಹೆಚ್ಚುವುದೆಂಬುದು ಭ್ರಮೆ. ನಿಜವಾಡಿದವನನ್ನು ದಂಡಿಸುವಂತೆ ಬಿಗಿಯಾದ ನಿಯಮ ಸುಳ್ಳನ್ನೇ ಬೆಳೆಸುತ್ತದೆ. ರೋಗವನ್ನು ತಾನಾಗಿ ತಿಳಿಸಿದ ಚಾಲಕನಿಗೆ ಚಿಕಿತ್ಸೆಯ ಅವಧಿಯಲ್ಲಿ ನೆಲದ ಮೇಲಿನ ಕೆಲಸವನ್ನೋ ವಿಮೆಯ ಆಧಾರವನ್ನೋ ಸಂಸ್ಥೆಗಳು ಒದಗಿಸಬೇಕು. ಮರಳಿ ಬರುವ ದಾರಿ ಯಾವುದು, ಎಷ್ಟು ಕಾಲದ್ದು ಎಂಬುದು ಅವನಿಗೆ ಮೊದಲ ದಿನವೇ ಬರವಣಿಗೆಯಲ್ಲಿ ತಿಳಿದಿರಬೇಕು. ಬುದ್ಧಿಪೂರ್ವಕವಾಗಿ ಮರೆಮಾಚಿದವನಿಗೆ ಮಾತ್ರ ಶಿಕ್ಷೆ ಕಠಿಣವಾಗಿರಬೇಕು. ಇದಕ್ಕೆ ತಗಲುವ ವೆಚ್ಚವನ್ನು ಔದಾರ್ಯದ ಲೆಕ್ಕಕ್ಕೆ ಬರೆಯದೆ, ಇಂಜಿನ್ನಿನ ತಪಾಸಣೆಯ ವೆಚ್ಚದೊಡನೆ ಸೇರಿಸಿ ಬರೆಯುವುದು ನ್ಯಾಯ.

ಕೊನೆಯದಾಗಿ, ಈ ಸಭೆಯಲ್ಲಿರುವ ತಾಯಿತಂದೆಗಳಿಗೂ ವಿದ್ಯಾರ್ಥಿಗಳಿಗೂ ವ್ಯವಹಾರದ ಮಾತೊಂದನ್ನು ಹೇಳಿ ವಿರಮಿಸುತ್ತೇನೆ. ವಿಮಾನ ತರಬೇತಿಗೆ ಲಕ್ಷಾಂತರ ರೂಪಾಯಿ ಬೇಕು. ಜಮೀನನ್ನು ಅಡವಿಟ್ಟು ಮಕ್ಕಳನ್ನು ಕಳುಹಿಸುವವರುಂಟು. ವಿದ್ಯಾರ್ಥಿ ಲೈಸೆನ್ಸಿಗೆ ಎರಡನೆಯ ವರ್ಗದ ಪ್ರಮಾಣಪತ್ರ ಸಾಕಾಗುವುದರಿಂದ, ಮೊದಲನೆಯ ವರ್ಗದ ಪರೀಕ್ಷೆಯನ್ನು ಮುಂದೆಂದೋ ಮಾಡಿಸಿದರಾಯಿತೆಂದು ಹಲವರು ತಡೆಯುತ್ತಾರೆ. ಹಾಗೆ ಮಾಡಬೇಡಿ. ಶುಲ್ಕದ ಮೊದಲ ಕಂತನ್ನು ಕಟ್ಟುವ ಮುನ್ನವೇ ಮೊದಲನೆಯ ವರ್ಗದ ಪರೀಕ್ಷೆಯನ್ನು ಮುಗಿಸಿಕೊಳ್ಳಿ. ಬಾಲ್ಯದಲ್ಲಿ ಮೂರ್ಛೆ ಬಂದಿದ್ದರೆ, ಉಬ್ಬಸವಿದ್ದರೆ, ಶಸ್ತ್ರಚಿಕಿತ್ಸೆಯಾಗಿದ್ದರೆ ಅದರ ಕಾಗದಗಳನ್ನೆಲ್ಲ ಜೊತೆಯಲ್ಲಿ ಒಯ್ದು ಪರೀಕ್ಷಕರ ಮುಂದಿಡಿ. ಒಮ್ಮೆ ಅನರ್ಹನೆಂದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ; ಪುನರ್ವಿಮರ್ಶೆಗೂ ಮೇಲ್ಮನವಿಗೂ ನಿಯಮದಲ್ಲಿ ಅವಕಾಶವಿದೆ, ಅದನ್ನು ಬಳಸಿಕೊಳ್ಳಲು ಗೊತ್ತಾದ ಕಾಲಮಿತಿಯೂ ಇದೆ.